ಬೆಳ್ಳಿಯ ಒಂಟಿ ಕಣ್ಣು

“ಆ ಕಡೆ ಕೂತ್ಕೋಬೇಡಿ ಮೇಡಂ. ಎಡಗಡೆ ಕೂತ್ರೆ ನೀವು ಬರೀ ಮಂಜಿನಂಗೆ ಕಾಣ್ತೀರಿ.”

ರೂಪ ಹಾಗೆಂದ ಮೇಲೆ ಸಬ್ ಇನ್‌ಸ್ಪೆಕ್ಟರ್ ಶೋಭಿತಾ ಸ್ಟೂಲೆತ್ತಿಕೊಂಡು ಮಂಚದ ಬಲಗಡೆಗೆ ಬಂದಳು. ಅಲ್ಲಿ ರೂಪಳ ಅತ್ತೆ ಸಣ್ಣತಾಯಮ್ಮ ಇಡ್ಲಿ ಮುರಿದು ಸೊಸೆಗೆ ತಿನ್ನಿಸುತ್ತಿದ್ದರು. ತುತ್ತು ಹಿಡಿದ ಕೈಯೂ ಬಲಗಡೆಯಿಂದಲೇ ಬರುತ್ತಿತ್ತು, ಬರುವುದು ಸೊಸೆಗೆ ಕಾಣಲಿ ಎಂದು. ಯಾರೂ ಹೇಳಿಕೊಟ್ಟಿದ್ದಲ್ಲ.

ಮದ್ದೂರಿನ ಬ್ಯೂಟಿ ಪಾರ್ಲರೊಂದರ ಮಹಡಿಯಲ್ಲಿ ಕಣ್ಣಡಿಯ ಗುಳಿಗೆ ಸೂಜಿಯಿಂದ ಏನನ್ನೋ ತುಂಬಿಸಿಕೊಂಡಿದ್ದ ಈ ಬಸ್ ಕಂಡಕ್ಟರ್, ಬುಧವಾರ ಮಳವಳ್ಳಿ ಬಸ್ಸಿನಲ್ಲಿ ಟಿಕೆಟ್ ಯಂತ್ರದ ಅಕ್ಷರ ಕಾಣದೆ ಕುಸಿದು ಕೂತಿದ್ದಳು. ಮಂಡ್ಯದ ಆಸ್ಪತ್ರೆಗೆ ಬಂದ ಮೇಲೂ ಸೂಜಿ ಹಾಕಿದವರ ಹೆಸರು ಬಾಯಿಬಿಟ್ಟಿರಲಿಲ್ಲ.

“ಇನ್ನೊಂದ್ಸಲ ಹೇಳು ರೂಪ. ಯಾರು ಹಾಕಿದ್ದು?”

“ಡಾಕ್ಟ್ರು ಮೇಡಂ. ಮಾಸ್ಕ್ ಹಾಕಿದ್ರು.”

“ಗಂಡಸಾ, ಹೆಂಗಸಾ?”

ರೂಪ ಅತ್ತೆಯ ಕಡೆ ನೋಡಿದಳು. “ಕಣ್ಮುಚ್ಚಿದ್ದೆ.”

“ಮಾತಾದರೂ ಕೇಳಿಸಿರಬೇಕಲ್ಲ?”

“ಇರುವೆ ಕಚ್ಚಿದಂಗೆ ಆಯ್ತದೆ, ಅಲ್ಲಾಡ್ಬ್ಯಾಡಿ ಅಂದ್ರು.”

ಬೆಂಗಳೂರಿನಿಂದ ಬಂದ ದೊಡ್ಡ ಡಾಕ್ಟರು ಎಂದಲ್ಲವೆ ಪಾರ್ಲರಿನವಳು ಫೋನಿನಲ್ಲಿ ಹೇಳಿದ್ದು? ಈ ಮಾತು ಇಲ್ಲೇ ಹುಟ್ಟಿ ಬೆಳೆದವರದ್ದು. ಶೋಭಿತಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು, ಒತ್ತಿ ಕೇಳಲಿಲ್ಲ. ಹೆದರಿದವರನ್ನು ಒತ್ತಿದರೆ ಅವರು ಇನ್ನಷ್ಟು ಮುಚ್ಚಿಕೊಳ್ಳುತ್ತಾರೆ.

“ಹೋಗಲಿ. ಯಾಕೆ ಮಾಡಿಸ್ಕೊಂಡೆ, ಅದನ್ನಾದರೂ ಹೇಳು.”

ಇದಕ್ಕೆ ರೂಪ ತಡವರಿಸಲಿಲ್ಲ.

“ಜನ ಒಳ್ಳೇರು ಮೇಡಂ, ಅದಕ್ಕೇ. ನಮ್ಮ ಅಪ್ಪನ ಕಡೆಯೋರಿಗೆಲ್ಲ ಕಣ್ಣಡಿ ಗುಂಡಿನೇ. ನಾನು ಚೆನ್ನಾಗಿ ಉಂಡು ನಿದ್ದೆ ಮಾಡಿ ಬಂದ್ರೂ ಬಸ್ ಹತ್ತಿದೋರೆಲ್ಲ, ‘ಯಾಕವ್ವ, ಹುಷಾರಿಲ್ವಾ’ ಅಂತಾರೆ. ಕೆರಗೋಡಿನ ಬೆಟ್ಟಮ್ಮಜ್ಜಿ ದಿನಾ ಸೀಬೆಕಾಯಿ ತಂದು ಬ್ಯಾಗಿಗೆ ತುರುಕ್ತಾರೆ. ಒಬ್ಬ ಯಜಮಾನ್ರು ಎದ್ದು ನಿಂತು, ‘ಕಂಡಕ್ಟ್ರಮ್ಮ, ನೀವೇ ಕುಂತ್ಕಳಿ’ ಅಂದ್ರು. ಮೊನ್ನೆ ಹಬ್ಬದ ದಿನ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡ್ಕೊಂಡು ಅತ್ತೆ ಜೊತೆ ಹೋಗ್ತಿದ್ರೆ, ‘ಮನೇಲಿ ಯಾರು ತೀರ್ಕೊಂಡ್ರವ್ವ’ ಅಂತ ಕೇಳಿದ್ರು.”

ಪಕ್ಕದ ಮಂಚದ ಹೆಂಗಸು ಫಕ್ಕನೆ ನಕ್ಕಳು. ರೂಪಳೂ ನಕ್ಕಳು, ನಗುವಾಗ ಎಡಗಣ್ಣಿನ ಕೆಳಗೆ ನೋವಾಗಿ ಹಾಗೇ ನಿಲ್ಲಿಸಿದಳು.

“ಬೈದಿದ್ರೆ ತಿರುಗಿಸಿ ಬೈಬೋದಿತ್ತು. ಪಾಪ ಅಂದೋರಿಗೆ ಏನು ಮಾಡೋದು ಮೇಡಂ?”

ಸಣ್ಣತಾಯಮ್ಮ ಮಂಚದ ಬದಿಯ ಪೆಟ್ಟಿಗೆಯಿಂದ ಚಿಕ್ಕ ಕಾಗದದ ಪೊಟ್ಟಣ ತೆಗೆದು, ಮುತ್ತತ್ತಿಯ ಆಂಜನೇಯನ ಕಿತ್ತಳೆ ಸಿಂಧೂರವನ್ನು ಸೊಸೆಯ ಹಣೆಗೆ ಹಚ್ಚಿದರು.

“ಮುತ್ತತ್ತಿರಾಯ ಅವ್ನೆ, ಬುಡು. ನನ್ನ ಮಗಳು ಅನು ಸೋಮವಾರವೇ ಮೊದಲ್ನೇ ಬಸ್ಸಿಗೆ ಓಗಿ ಬೆಳ್ಳಿ ಕಣ್ಣು ಒಪ್ಪಿಸಿ ಬಂದವ್ಳೆ. ಆ ಸ್ವಾಮಿ ಕೈ ಬುಡಾಕಿಲ್ಲ ಕಣವ್ವ.”

ಆಗ ಬಾಗಿಲಲ್ಲಿ ಮುಖ್ಯಪೇದೆ ಮರಿಸಿದ್ದಯ್ಯ ಕಾಣಿಸಿಕೊಂಡರು. ಐವತ್ತು ದಾಟಿದ, ಯಾರ ಮೇಲೂ ಕೂಗಾಡದ ಮನುಷ್ಯ. ಕೈಯಲ್ಲಿ ರೋಗಿಗೆಂದು ತಂದ ಎರಡು ಎಳನೀರು.

ಅವರನ್ನು ಕಂಡದ್ದೇ ಸಣ್ಣತಾಯಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು ಗೋಡೆ ಕಡೆ ತಿರುಗಿದರು. ಖಾಕಿ ತೊಟ್ಟ ಗಂಡಸರನ್ನು ಕಂಡರೆ ಹಳೆಯ ಕಾಲದ ಹೆಂಗಸರು ಹೀಗೇ ಎಂದುಕೊಂಡಳು ಶೋಭಿತಾ.

“ಡಾಕ್ಟ್ರು ಕರೀತಾವ್ರೆ ಮೇಡಂ,” ಎಂದರು ಮರಿಸಿದ್ದಯ್ಯ.

*

ಡಾಕ್ಟರ್ ಹರ್ಷವರ್ಧನ ಮೊಗಸಾಲೆಯ ಕಿಟಕಿಯ ಬಳಿ ನಿಂತಿದ್ದರು. ಮರಿಸಿದ್ದಯ್ಯನೂ ಶೋಭಿತಾಳ ಹಿಂದೆಯೇ ಬಂದರು.

“ನನಗೆ ಅಪರಾಧಿ ಬೇಡ ಮೇಡಂ. ಅದು ನಿಮ್ಮ ಕೆಲಸ. ನನಗೆ ಬೇಕಾಗಿರೋದು ಒಂದೇ. ಆ ಚರ್ಮದ ಕೆಳಗೆ ಏನಿದೆ?”

“ಗೊತ್ತಾದರೆ ಏನು ಮಾಡ್ತೀರಿ?”

“ಕಣ್ಣಡಿ ತುಂಬೋಕೆ ಸರಿಯಾದ ಕಡೆ ಬಳಸೋ ಒಂದು ಜೆಲ್ ಇದೆ. ಅದಾಗಿದ್ರೆ ಅದನ್ನ ಕರಗಿಸೋ ಔಷಧಿಯೂ ಇದೆ. ಬೇರೆಯವರಿಗಾಗಿದ್ರೆ ಕೊಟ್ಟು ನೋಡ್ತಿದ್ದೆ. ಆದರೆ ಈಕೆಗೆ ಜೇನುಹುಳದ ವಿಷ ಆಗಲ್ಲ. ಹೋದ ವರ್ಷ ಬಸರಾಳು ಹತ್ರ ಬಸ್ಸಿಗೆ ಹುಳ ನುಗ್ಗಿ, ಒಂದೇ ಒಂದು ಕಚ್ಚಿ ಉಸಿರು ಕಟ್ಟಿತ್ತಂತೆ. ಆ ವಿಷದಲ್ಲೂ ಈ ಔಷಧಿಯಂಥದ್ದೇ ಪದಾರ್ಥ ಇರುತ್ತೆ, ಅಂಥವರಿಗೆ ಇದೂ ಹಾಗೇ ತಿರುಗಿಬೀಳಬಹುದು.”

“ಅಂದ್ರೆ, ಜೆಲ್ ಅಂತ ಖಾತ್ರಿ ಬೇಕು.”

“ಖಾತ್ರಿ ಇದ್ರೆ ಎಲ್ಲ ಸಿದ್ಧತೆ ಇಟ್ಕೊಂಡು ಧೈರ್ಯ ಮಾಡ್ತೀನಿ. ಬೇರೆ ಏನಾದ್ರೂ ಆಗಿದ್ರೆ, ಜೀವ ಪಣಕ್ಕಿಟ್ಟೂ ಪ್ರಯೋಜನ ಇಲ್ಲ. ಕೊಯ್ದೇ ತೆಗೀಬೇಕು. ಏನು, ಎಷ್ಟು ಆಳದಲ್ಲಿದೆ ಅಂತ ತಿಳೀದೆ ಕಣ್ಣಿನ ಕೆಳಗೆ ಕತ್ತಿ ಹಾಕೋಕೆ ನನಗೆ ಕೈ ಬರಲ್ಲ.”

“ಎಷ್ಟು ಹೊತ್ತಿದೆ ನಮಗೆ?”

“ಸಂಜೆವರೆಗೆ. ಊತ ಒಳಗೆ ಒತ್ತುತ್ತಾ ಇದೆ. ಆಮೇಲೆ ಔಷಧಿ ಸಿಕ್ಕಿದ್ರೂ ದೃಷ್ಟಿ ಬರೋದು ಅನುಮಾನ.”

ಹೊರಡಲು ತಿರುಗಿದವಳನ್ನು ಡಾಕ್ಟರು ಮತ್ತೆ ನಿಲ್ಲಿಸಿದರು. “ಇನ್ನೊಂದು ವಿಷಯ. ಬಲಗಣ್ಣಡಿ ಮುಟ್ಟಿದ್ರೆ ಮೆತ್ತಗಿದೆ, ಒಂದು ಚೂರು ನೀಲಿ ಛಾಯೆ. ಎಡಗಣ್ಣಡಿ ಗಂಟುಕಟ್ಟಿದ ಮುದ್ದೆ ಥರ ಇದೆ. ಒಂದೇ ಪದಾರ್ಥ ಎರಡು ಕಡೆ ಹೀಗಾಗೋದು…”

“ಆಗೋದಿಲ್ವಾ?”

“ಆಗಬಹುದು. ಒಂದು ಕಡೆ ನಂಜಾಗಿರಬಹುದು. ಆದರೂ ನನ್ನ ಕೈಗೆ ಅದು ಒಪ್ಪಿಗೆಯಾಗ್ತಿಲ್ಲ.”

*

ಮದ್ದೂರಿನ ಹಳೆಯ ಬೀದಿಯೊಂದರಲ್ಲಿ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ದೀಪಿಕಳ ಪಾರ್ಲರ್. ಮೆಟ್ಟಿಲು ಕಡಿದು. ಒಳಗೆ ಬಿಸಿಲಿನ ಝಳಕ್ಕೆ ಮೇಣದ ವಾಸನೆ ಕಟ್ಟಿಕೊಂಡಿತ್ತು.

“ಉಸ್ಸಪ್ಪಾ,” ಎನ್ನುತ್ತ ಮರಿಸಿದ್ದಯ್ಯ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ಪರದೆಯ ಹಿಂದೆ ಕೈ ಚಾಚಿ ಫ್ಯಾನ್ ಹಾಕಿದರು.

ದೀಪಿಕಗೆ ಇಪ್ಪತ್ತೈದು ಇರಬಹುದು. ಮಾತು ಚುರುಕು. ಆದರೆ ಬಾಚಣಿಗೆಗಳನ್ನು ಒಂದೇ ಸಮನೆ ಜೋಡಿಸುತ್ತ, ಜೋಡಿಸಿದ್ದನ್ನೇ ಕೆಡಿಸಿ ಮತ್ತೆ ಜೋಡಿಸುತ್ತಿದ್ದಳು.

“ನಾನು ಹುಬ್ಬು ತೀಡ್ತೀನಿ, ಫೇಶಿಯಲ್ ಮಾಡ್ತೀನಿ, ಮದುವೆ ಹೆಣ್ಣಿಗೆ ಅಲಂಕಾರ ಮಾಡ್ತೀನಿ. ಸೂಜಿ ಮುಟ್ಟೋಳಲ್ಲ ಮೇಡಂ. ಬೆಂಗಳೂರು ಡಾಕ್ಟ್ರು ಭಾನುವಾರ ಬಂದ್ರು, ರೂಮು ಕೇಳಿದ್ರು, ಕೊಟ್ಟೆ. ಅಷ್ಟೇ.”

“ಎರಡು ಕಣ್ಣಿಗೂ ಅವತ್ತೇ ಹಾಕಿದ್ರಾ?”

“ಅವತ್ತೇ. ಒಂದೇ ಸಿರಿಂಜು.”

ಉತ್ತರ ಪ್ರಶ್ನೆಗಿಂತ ಮುಂಚೆಯೇ ಸಿದ್ಧವಿದ್ದ ಹಾಗೆ ಬಂತು.

“ಆ ಸಿರಿಂಜು ಎಲ್ಲಿ?”

“ಅವರೇ ತಗೊಂಡು ಹೋದ್ರು.”

“ಮಂಡ್ಯದಲ್ಲಿ ಒಬ್ಬ ಹೆಣ್ಣುಮಗಳ ಕಣ್ಣು ಹೋಗ್ತಾ ಇದೆ ದೀಪಿಕ. ನೀನು ಜೈಲಿಗೆ ಹೋಗಲಿ ಅಂತ ನಾನು ಬಂದಿಲ್ಲ. ಒಳಗೆ ಹಾಕಿದ್ದು ಏನು, ಅದೊಂದು ಹೇಳು.”

ದೀಪಿಕಳ ಕೈಯಿಂದ ಬಾಚಣಿಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

“ನಂಗೊತ್ತಿಲ್ಲ ಮೇಡಂ. ರೂಪಕ್ಕನ ಮನೆಯೋರಿಗೇ ಬುಧವಾರದವರೆಗೂ ಗೊತ್ತಿರಲಿಲ್ಲ. ಮಂಗಳವಾರ ಕಪ್ಪು ಕನ್ನಡಕ ಹಾಕ್ಕೊಂಡು ಡ್ಯೂಟಿ ಮಾಡಿದ್ರಂತೆ. ಇನ್ನು ನಂಗೆಲ್ಲಿಂದ ಗೊತ್ತಾಗ್ತದೆ?”

“ಈ ಮಗಿಗೆ ಏನೂ ತಿಳೀದು ಮೇಡಂ,” ಎಂದರು ಮರಿಸಿದ್ದಯ್ಯ ಮೆಲ್ಲಗೆ. “ಎದ್ರಿಕೊಂಡವ್ಳೆ. ಆ ಡಾಕ್ಟ್ರನ್ನ ಹುಡುಕಾಣ.”

ಗೋಡೆಯ ಮೇಲೊಂದು ಆಂಜನೇಯನ ಪಟ. ಅದರ ಗಾಜಿನ ಮೇಲೆ ಕಿತ್ತಳೆ ಸಿಂಧೂರದ ಬೆರಳಚ್ಚು. ಅದನ್ನೇ ನೋಡುತ್ತ ನಿಂತ ಶೋಭಿತಾಗೆ ಸಣ್ಣತಾಯಮ್ಮನ ಮಾತು ನೆನಪಾಯಿತು.

ಸೋಮವಾರವೇ ಓಗಿ ಬೆಳ್ಳಿ ಕಣ್ಣು ಒಪ್ಪಿಸಿ ಬಂದವ್ಳೆ.

ಬುಧವಾರದವರೆಗೆ ಯಾರಿಗೂ ಗೊತ್ತಿಲ್ಲದ ಕಣ್ಣಿನ ತೊಂದರೆಗೆ ಸೋಮವಾರವೇ ಹರಕೆ ಒಪ್ಪಿಸುವುದು ಹೇಗೆ? ಈ ಸೀಮೆಯಲ್ಲಿ ಕಣ್ಣು ಬೇನೆಯಾದರೆ ಬೆಳ್ಳಿಯ ಕಣ್ಣು, ಕಾಲು ಮುರಿದರೆ ಬೆಳ್ಳಿಯ ಕಾಲು ಕೊಡುತ್ತಾರೆ. ಆದರೆ ಬೇನೆ ಕಾಣುವ ಮೊದಲೇ ಯಾರೂ ಕೊಡುವುದಿಲ್ಲ. ಕಂಡವರು ಕೊಡುತ್ತಾರೆ.

“ಮರಿಸಿದ್ದಯ್ಯನವರೇ, ರೂಪಳ ನಾದಿನಿ ಅನು ಇರೋದು ಎಲ್ಲಿ?”

“ಮಳವಳ್ಳಿ. ಮೆಡಿಕಲ್ ಸ್ಟೋರಿನಾಗೆ ಕೆಲ್ಸ. ಮೊದ್ಲು ಬೆಂಗಳೂರಿನಾಗೆ ಯಾವುದೋ ಚರ್ಮದ ಆಸ್ಪತ್ರೆಲಿ ಇದ್ಲಂತೆ.” ಹೇಳುತ್ತಿದ್ದಂತೆ ಅವರ ಮುಖ ಅರಳಿತು. “ಅಲ್ಲಿಗೇ ಓಗಾಣ್ವ ಮೇಡಂ? ನಡೀರಿ, ನಡೀರಿ.”

ಜೀಪಿನ ಬಳಿಗೆ ಬಂದ ಮೇಲೆ ಅವರು ತಲೆ ಮುಟ್ಟಿ ನೋಡಿಕೊಂಡರು. “ಟೋಪಿ ಮರ್ತೆ. ಬಂದೆ,” ಎಂದು ಮತ್ತೆ ಮೆಟ್ಟಿಲು ಹತ್ತಿದರು. ಮಂಡಿನೋವಿನವರು, ಇಳಿದು ಬರಲು ಸ್ವಲ್ಪ ತಡವಾಯಿತು.

*

ಮಳವಳ್ಳಿಯ ಮೆಡಿಕಲ್ ಸ್ಟೋರಿನಲ್ಲಿ ಅನು ಒಬ್ಬ ಮುದುಕನಿಗೆ ಮಾತ್ರೆ ಕೊಡುತ್ತಿದ್ದಳು. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಎಂದು ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆದು ತೋರಿಸುತ್ತಿದ್ದಳು. ಖಾಕಿ ಕಂಡಾಗ ಚಂದ್ರ ಅರ್ಧಕ್ಕೇ ನಿಂತಿತು.

“ಪೂರ್ತಿ ಮಾಡಿ ಬಾ,” ಎಂದಳು ಶೋಭಿತಾ. “ಅವರು ಕಾಯ್ತಿದ್ದಾರೆ.”

ಅಂಗಡಿಯ ಯಜಮಾನ ಏನೂ ಕೇಳಲಿಲ್ಲ. ಹಿಂಬದಿಯ ಹೊಂಗೆ ಮರದ ನೆರಳಿಗೆ ತಾನೇ ಎರಡು ಕುರ್ಚಿ ಹಾಕಿಕೊಟ್ಟು ಹೋದ.

“ಟೀ ತತ್ತೀನಿ ಮೇಡಂ,” ಎಂದು ಮರಿಸಿದ್ದಯ್ಯ ರಸ್ತೆ ದಾಟಿದರು.

ಅನು ಕೂರಲಿಲ್ಲ.

“ಅತ್ತಿಗೆ ಹೆಂಗವ್ರೆ?”

“ನೀನು ಒಂದು ಸಲವೂ ನೋಡೋಕೆ ಹೋಗಿಲ್ಲ.”

“ಯಾವ ಮೊಕ ಇಟ್ಕೊಂಡು ಹೋಗ್ಲಿ?”

ಅಷ್ಟೇ ಸಾಕಾಗಿತ್ತು. ಆದರೂ ಶೋಭಿತಾ ಕಾದಳು. ಮರದ ಮೇಲೆ ಗೊರವಂಕಗಳು ಜಗಳವಾಡುತ್ತಿದ್ದವು.

“ಮುತ್ತತ್ತಿಗೆ ಹೋಗಿದ್ಯಂತೆ, ಸೋಮವಾರ.”

“ಹೂಂ.”

“ಆಗಿನ್ನೂ ಯಾರಿಗೂ ಕಣ್ಣಿನ ವಿಷಯ ಗೊತ್ತಿರಲಿಲ್ಲ ಅನು.”

ಅನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಆಮೇಲೆ ಕೂತಳು.

“ನಾನೇ ಹಾಕಿದ್ದು ಮೇಡಂ. ಬೆಂಗಳೂರು ಡಾಕ್ಟ್ರು ಯಾರೂ ಇಲ್ಲ. ಮಾಸ್ಕ್ ಹಾಕ್ಕೊಂಡಿದ್ದೂ ನಾನೇ. ಬಳೆ ಅಂಗಡಿಯೋರು ಗುರುತು ಹಿಡೀತಾರೆ ಅಂತ.”

“ನೀನು ಡಾಕ್ಟರಲ್ಲ, ನರ್ಸೂ ಅಲ್ಲ.”

“ಟ್ರೇ ಹಿಡ್ಕೊಂಡು ನಿಲ್ಲೋಳಾಗಿದ್ದೆ. ದಿನಾ ನೋಡಿ ನೋಡಿ ಬರ್ತದೆ ಅನ್ಕೊಂಡಿದ್ದೆ. ಅತ್ತಿಗೆ ಬೇಡ್ಕೊಂಡ್ರು. ‘ಲೇ ಅನು, ನನ್ನ ಕಂಡು ಜನ ಅಳೋದನ್ನ ನಿಲ್ಸೇ’ ಅಂತ. ನಾನು ಓದ್ತಿದ್ದಾಗ ನಂಗೆ ಬಸ್ ಪಾಸು, ಬಟ್ಟೆ, ಎಲ್ಲ ನೋಡ್ಕೊಂಡೋರು ಅವರು. ಇಷ್ಟು ಕೇಳಿದ್ರೆ ಇಲ್ಲ ಅನ್ನಲಾ?”

“ಆಮೇಲೆ?”

“ಚುಚ್ಚಿದೆ. ಸ್ವಲ್ಪ ಒತ್ತಿದೆ. ನನ್ನ ಬೆರಳಿನ ಕೆಳಗೇ ಚರ್ಮ ಬೆಳ್ಳಗಾಯ್ತು. ಸುಣ್ಣ ಬಳಿದಂಗೆ.” ಅವಳ ದನಿ ಕುಗ್ಗಿತು. “ಅಲ್ಲಿ ಆಸ್ಪತ್ರೇಲಿ ಒಂದ್ಸಲ ಹಂಗಾಗಿತ್ತು. ಡಾಕ್ಟ್ರು ಓಡಿಹೋಗಿ ಇನ್ನೊಂದು ಬಾಟ್ಲು ತಂದ್ರು, ಕರಗಿಸೋದು. ನನ್ನ ಹತ್ರ ಆ ಬಾಟ್ಲು ಇರಲಿಲ್ಲ ಮೇಡಂ. ನನ್ನ ಹತ್ರ ಇದ್ದಿದ್ದು ಮುತ್ತತ್ತಿರಾಯ ಒಬ್ಬನೇ. ಬಿಸಿ ಬಟ್ಟೆ ಇಟ್ಟು ತಿಕ್ಕಿದೆ, ತಿಕ್ಕಿದೆ… ಮೆಲ್ಲಗೆ ಕೆಂಪು ತಿರುಗ್ತು. ಅಲ್ಲೇ ಹರಕೆ ಹೊತ್ತೆ. ಕಣ್ಣು ಉಳಿಸಪ್ಪ, ಬೆಳ್ಳಿ ಕಣ್ಣು ಒಪ್ಪಿಸ್ತೀನಿ ಅಂತ.”

ಶೋಭಿತಾಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದಿತು ಕೂಡ. ಆದರೆ ಹುಡುಗಿ ಹೇಳುತ್ತಿದ್ದಾಗ ಅವಳ ಹೆಬ್ಬೆರಳು ತನ್ನ ಮೊಣಕಾಲಿನ ಮೇಲೆ, ಬಿಳಿಚಿಕೊಂಡ ಚರ್ಮವನ್ನು ಇನ್ನೂ ತಿಕ್ಕುತ್ತಿರುವಂತೆ ಚಲಿಸುತ್ತಲೇ ಇತ್ತು.

“ಒಳಗೆ ಹೋಗಿದ್ದು ಏನು?”

“ಜೆಲ್. ಅಸಲಿ. ಅಲ್ಲಿ ಬಳಸ್ತಿದ್ದದ್ದೇ. ಡಬ್ಬಿ ನನ್ನ ರೂಮಲ್ಲೇ ಇದೆ, ಬನ್ನಿ ತೋರಿಸ್ತೀನಿ. ಕರಗ್ತದೆ ಮೇಡಂ, ಅದು ಕರಗ್ತದೆ.”

ಶೋಭಿತಾ ಇನ್ನು ಕಾಯಲಿಲ್ಲ. ಅಲ್ಲೇ ಡಾಕ್ಟರಿಗೆ ಫೋನು ಹಚ್ಚಿದಳು.

“ಜೆಲ್ಲೇ ಡಾಕ್ಟ್ರೇ. ಹಾಕಿದವರೇ ಹೇಳ್ತಿದ್ದಾರೆ.”

“ದೇವರು ದೊಡ್ಡವನು,” ಎಂದರು ಹರ್ಷವರ್ಧನ. “ಅರಿವಳಿಕೆಯವರನ್ನ ಕರೆಸ್ತೀನಿ. ಉಸಿರಿಗೆ ತೊಂದರೆ ಆದರೆ ಬೇಕಾದ್ದೆಲ್ಲ ಪಕ್ಕದಲ್ಲಿ ಇಟ್ಕೊಂಡು ಶುರುಮಾಡ್ತೀವಿ.”

ಫೋನಿಟ್ಟ ಮೇಲೆ ಅನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಶೋಭಿತಾ ತನ್ನ ಕರ್ಚೀಫು ಕೊಟ್ಟಳು. ಅನು ಅದನ್ನು ತೆಗೆದುಕೊಳ್ಳದೆ ತನ್ನ ಪರ್ಸು ತೆರೆದು ಕರ್ಚೀಫು ಹುಡುಕಿದಳು. ಅದರ ಜೊತೆಗೆ ಏನೋ ಥಳಕ್ಕೆಂದು ನೆಲಕ್ಕೆ ಬಿತ್ತು.

ಬೆಳ್ಳಿಯ ತೆಳು ತಗಡು. ಅದರ ಮೇಲೆ ಒತ್ತಿದ ಒಂದು ಕಣ್ಣು, ಕಣ್ಣಿನ ಮೇಲೊಂದು ಹುಬ್ಬು.

“ಒಪ್ಪಿಸಿದೆ ಅಂದೆಯಲ್ಲ?”

“ಒಂದನ್ನ ಒಪ್ಪಿಸಿದೆ. ಅಂಗಡೀಲಿ ಜೋಡಿಯಾಗೇ ಕೊಡೋದು. ಎರಡೂ ಹಾಕಿದ್ರೆ ಏನೂ ಆಗದ ಕಣ್ಣಿಗೂ ಕೇಡು ಬೇಡಿದಂಗೆ ಆಯ್ತದೆ ಅಂತ ನಮ್ಮವ್ವ ಯಾವಾಗ್ಲೂ ಅಂತಾರೆ. ಕೆಟ್ಟಿದ್ದರದ್ದು ಮಾತ್ರ ಹಾಕಿ ಇದನ್ನ ಇಟ್ಕೊಂಡೆ.”

ಶೋಭಿತಾ ತಗಡನ್ನು ಎತ್ತಿಕೊಂಡಳು. ಯಾಕೆಂದು ತಿಳಿಯದೆಯೇ ಅದನ್ನು ತನ್ನ ಮುಖಕ್ಕೆ ಹಿಡಿದಳು. ಬಲಗಣ್ಣಿಗೆ ಹಿಡಿದರೆ ಹುಬ್ಬಿನ ಬಾಲ ಮೂಗಿನ ಕಡೆ ಬಂತು. ಎಡಗಣ್ಣಿಗೆ ಹಿಡಿದಳು. ಹುಬ್ಬು ಕಿವಿಯ ಕಡೆ ಸರಿಯಾಗಿ ಇಳಿಯಿತು.

ಇದು ಎಡಗಣ್ಣು. ಏನೂ ಆಗದ ಕಣ್ಣು ಎಂದು ಉಳಿಸಿಕೊಂಡದ್ದು.

“ಅನು, ನೀನು ಸೂಜಿ ಹಾಕಿದ್ದು ಯಾವ ಕಡೆ?”

“ಬಲಗಡೆ.”

“ಎಡಗಡೆ?”

“ಎಡಗಡೆ ಮುಟ್ಟೇ ಇಲ್ಲ ಮೇಡಂ. ಬೆಳ್ಳಗಾದ ಮೇಲೆ ಇನ್ನೊಂದ್ಸಲ ಚುಚ್ಚೋಕೆ ಧೈರ್ಯ ಬರಲಿಲ್ಲ. ಸಿರಿಂಜು ಎತ್ಕೊಂಡು ಓಡಿ ಬಂದುಬಿಟ್ಟೆ. ಸೋಮವಾರ ದೇವಸ್ಥಾನದ ಹತ್ರ ಹೊಳೆಗೆ ಎಸೆದೆ.” ಶೋಭಿತಾಳ ಮುಖ ನೋಡಿ ಅವಳು ಎದ್ದು ನಿಂತಳು. “ಯಾಕೆ? ಅತ್ತಿಗೆಗೆ ಕೆಟ್ಟಿರೋದು ಬಲಗಣ್ಣಲ್ವಾ? ಅವ್ವ ಬರೀ ‘ಕಣ್ಣು ಊದದೆ’ ಅಂದ್ರು…”

ಶೋಭಿತಾ ಆಗಲೇ ಫೋನು ಕಿವಿಗೆ ಹಿಡಿದಿದ್ದಳು. ಒಂದು ಸಲ ಹೊಡೆಯಿತು. ಮತ್ತೆ ಹೊಡೆಯಿತು.

“ಡಾಕ್ಟ್ರೇ, ನಿಲ್ಲಿಸಿ! ಜೆಲ್ ಇರೋದು ಬಲಗಡೆ ಮಾತ್ರ. ಎಡಗಡೆ ಹಾಕಿದ್ದು ಬೇರೆ ಯಾರೋ. ಬೇರೆ ಏನೋ.”

ಅತ್ತಲಿಂದ ದೀರ್ಘವಾದ ಉಸಿರು. “ಇನ್ನೂ ಕೊಟ್ಟಿಲ್ಲ. ನನ್ನ ಕೈ ಸುಳ್ಳು ಹೇಳಲಿಲ್ಲ ನೋಡಿ. ಆದರೆ ಮೇಡಂ, ಬೆಳಗ್ಗೆ ಆಕೆಗೆ ಎಡಗಡೆ ಮಂಜಾದರೂ ಕಾಣ್ತಿತ್ತು. ಈಗ ಅದೂ ಕಪ್ಪಾಗ್ತಿದೆ ಅಂತಿದ್ದಾರೆ.”

*

ಬಲಗಣ್ಣಡಿ ತುಂಬಿ, ಎಡಗಣ್ಣಡಿ ಗುಳಿಯಾಗಿ ಉಳಿದ ಮುಖ. ಅದನ್ನು ಹೊತ್ತು ರೂಪ ಮಂಗಳವಾರ ಬಸ್ಸು ಹತ್ತುವುದು ಹೇಗೆ? ಯಾರೋ ಅದನ್ನು ಸರಿಮಾಡಲು ಹೋಗಿದ್ದಾರೆ.

“ಒಂದೇ ಕಡೆ ಹಾಕಿದ್ದೀನಿ ಅಂತ ಯಾರಿಗಾದರೂ ಹೇಳಿದ್ಯಾ ಅನು?”

“ಅವ್ವಂಗೆ. ಸೋಮವಾರ ಮಧ್ಯಾಹ್ನ ಪ್ರಸಾದ ಕೊಡೋಕೆ ಮನೆಗೆ ಹೋದಾಗ. ಅವ್ವಂಗೆ ಮಾತ್ರ.”

ತುತ್ತನ್ನು ಬಲಗಡೆಯಿಂದಲೇ ಹಿಡಿಯುತ್ತಿದ್ದ ಕೈ ಶೋಭಿತಾಳ ಕಣ್ಣ ಮುಂದೆ ಬಂತು. ಫೋನನ್ನು ಸಣ್ಣತಾಯಮ್ಮನಿಗೆ ಕೊಡುವಂತೆ ಡಾಕ್ಟರನ್ನು ಕೇಳಿದಳು.

“ಊಟ ಆಯ್ತಾ ಮಗ?” ಎಂದಿತು ಆ ಕಡೆಯ ದನಿ, ಮೊದಲಿಗೆ.

“ಇನ್ನೂ ಇಲ್ಲಮ್ಮ. ಎಡಗಣ್ಣಿಗೆ ಏನು ಹಾಕಿಸಿದ್ರಿ?”

ಆ ಕಡೆ ವಾರ್ಡಿನ ತಳ್ಳುಗಾಡಿಯೊಂದು ಹಾದುಹೋಯಿತು.

“ಅಮ್ಮ, ನಾನು ಯಾರನ್ನೂ ಹಿಡಿಯೋಕೆ ಕೇಳ್ತಿಲ್ಲ. ರೂಪಳ ಕಣ್ಣಿಗೋಸ್ಕರ ಕೇಳ್ತಿದ್ದೀನಿ.”

“ಒಂದು ಕಡೆ ತುಂಬ್ಕಂಡು ಒಂದು ಕಡೆ ಅಳ್ಳ ಬಿದ್ದಿತ್ತು ಕಣವ್ವ. ಕನ್ನಡಿ ಮುಂದೆ ಕುಂತ್ಕಂಡು ಅಳ್ತಿದ್ಲು. ಜನ ಮೊದ್ಲು ಅಯ್ಯೋ ಅಂತಿದ್ರು, ಇನ್ನು ನಗ್ತಾರೆ ಅಂತ. ಸೋಮವಾರ ಸಂಜೆ ನಾನೇ ಕರ್ಕಂಡು ಓದೆ. ಇನ್ನೊಂದು ಕಡೆನೂ ಅಂಗೇ ಮಾಡವ್ವ ಅಂತ ಕೈ ಮುಗ್ದೆ.” ದನಿ ಒಡೆಯಿತು. “ಕೈ ಮುಗ್ದು ಮಾಡಿಸ್ದೆ ಕಣವ್ವ.”

“ಯಾರಿಗೆ ಕೈ ಮುಗಿದ್ರಿ?”

“ಅದ ಯೋಳಕಿಲ್ಲ. ನಾನೂ ರೂಪನೂ ಇಬ್ರೂ ಮುತ್ತತ್ತಿರಾಯನ ಸಿಂಧೂರ ಮುಟ್ಟಿ ಆಣೆ ಮಾಡಿವಿ. ಯಾರ ಎಸ್ರೂ ಎತ್ತಕಿಲ್ಲ ಅಂತವ.”

“ಸಂಜೆಯೊಳಗೆ ಗೊತ್ತಾಗದಿದ್ರೆ ಎಡಗಣ್ಣು ಹೋಗುತ್ತಮ್ಮ.”

“ಆಣೆ ಮುರುದ್ರೆ ಬಲಗಣ್ಣೂ ಓಯ್ತದೆ!” ಮುದುಕಿ ಬಿಕ್ಕಿದರು. “ಆ ಕಣ್ಣ ಉಳಿಸಿರೋದೇ ಆ ಸ್ವಾಮಿ. ಅವನ ಮ್ಯಾಲೇ ಆಣೆ ಮಾಡಿ, ಅದನ್ನೇ ಮುರ್ಕಳನಾ? ಒಂದು ಕಣ್ಣಾದ್ರೂ ಇರ್ಲಿ ನನ್ನ ಮಗಿಗೆ.”

ಆ ನಂಬಿಕೆಯ ಮುಂದೆ ಕಾನೂನಿನ ಯಾವ ಕಲಮೂ ನಿಲ್ಲುವಂತಿರಲಿಲ್ಲ. ಅದನ್ನು ಜರೆಯಲೂ ಅವಳಿಗೆ ಮನಸ್ಸಾಗಲಿಲ್ಲ.

“ಸರಿ, ನೀವು ಆಣೆ ಮುರೀಬೇಡಿ. ನಿಮ್ಮ ಕೈಲಿ ಆಣೆ ಮಾಡಿಸಿದ್ದು ಯಾರು?”

ಮುದುಕಿ ಮೂಗೊರೆಸಿಕೊಂಡ ಸದ್ದು ಕೇಳಿಸಿತು.

“ಅದನ್ನೂ ನಾನು ಯೋಳಂಗಿಲ್ಲ. ಅವ್ರನ್ನೇ ಕೇಳವ್ವ. ನಿನ್ನ ಜೊತೇಲೇ ಅವ್ರೆ.”

ಶೋಭಿತಾ ಫೋನನ್ನು ನಿಧಾನಕ್ಕೆ ಇಳಿಸಿದಳು.

ಅನು ಅವಳನ್ನೇ ನೋಡುತ್ತ ನಿಂತಿದ್ದಳು. ಅನುವಿನ ಹಿಂದೆ, ರಸ್ತೆ ದಾಟಿಕೊಂಡು, ಬಿಸಿ ಲೋಟಗಳನ್ನು ಎರಡು ಕೈಯಲ್ಲೂ ಜತನವಾಗಿ ಹಿಡಿದು ಮರಿಸಿದ್ದಯ್ಯ ಬರುತ್ತಿದ್ದರು.

“ನಿಮ್ದು ಸಕ್ಕರೆ ಹಾಕಿಲ್ಲ ಮೇಡಂ. ಈ ಮಗಿಗೂ ಒಂದು ತಂದಿವ್ನಿ. ಬೆಳಗ್ಗಿಂದ ಏನೂ ಉಂಡಂಗೆ ಕಾಣಾಕಿಲ್ಲ.”

ಸಕ್ಕರೆ ಬೇಡವೆಂಬುದನ್ನು ಶೋಭಿತಾ ಅವರಿಗೆ ಹೇಳಿದ್ದು ಒಂದೇ ಸಲ, ಠಾಣೆಗೆ ಬಂದ ಮೊದಲ ದಿನ. ಅಂದಿನಿಂದ ಅವರು ಮರೆತವರಲ್ಲ.

ಆಸ್ಪತ್ರೆಯಲ್ಲಿ ಸಣ್ಣತಾಯಮ್ಮ ಗೋಡೆ ಕಡೆ ತಿರುಗಿದ್ದು. ಆಂಜನೇಯನ ಪಟದ ಗಾಜಿನ ಮೇಲಿನ ಬೆರಳಚ್ಚು. ಮೊದಲ ಬಾರಿಗೆ ಕಾಲಿಟ್ಟ ಕೋಣೆಯಲ್ಲಿ, ಪರದೆಯ ಹಿಂದಿನ ಕಾಣದ ಸ್ವಿಚ್ಚಿಗೆ ನೇರ ಹೋದ ಕೈ.

“ಮರಿಸಿದ್ದಯ್ಯನವರೇ,” ಎಂದಳು, “ದೀಪಿಕ ನಿಮಗೆ ಏನಾಗಬೇಕು?”

ಅವರು ನಿಂತಲ್ಲೇ ನಿಂತರು. ಟೀ ಚೆಲ್ಲದಂತೆ ಲೋಟಗಳನ್ನು ಒಂದೊಂದಾಗಿ ಕುರ್ಚಿಯ ಮೇಲಿಟ್ಟರು.

“ತಮ್ಮನ ಮಗಳು. ತಾಯಿಲ್ದ ಮಗಿ, ನಾನೇ ಬೆಳೆಸಿದ್ದು,” ಎಂದರು. “ಎಡಗಣ್ಣಿಗೆ ಕರಗಿಸೋ ಔಷಧಿ ಕೊಡಬ್ಯಾಡಿ ಅಂತ ಡಾಕ್ಟ್ರಿಗೆ ಯೋಳಿ ಮೇಡಂ. ಮೊದ್ಲು ಅದನ್ನ ಯೋಳಿ. ಅವ್ಳು ತುಂಬಿರೋದು ಕರಗೋದಲ್ಲ ಅಂತ ಅವ್ಳೇ ಅಂದ್ಲು.”

“ಹೇಳಿದ್ದೀನಿ. ಏನದು? ಬೇಗ ಹೇಳಿ.”

“ನಂಗೊತ್ತಿಲ್ಲ. ನನ್ನಾಣೆಗೂ ಗೊತ್ತಿಲ್ಲ. ಅವ್ಳೊಬ್ಳಿಗೇ ಗೊತ್ತಿರೋದು.”

“ಹಾಗಿದ್ರೆ ಈಗಲೇ ಮದ್ದೂರಿಗೆ ಹೊರಡೋಣ.”

ಮರಿಸಿದ್ದಯ್ಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಬೆಳಗ್ಗೆ ಮಹಡಿಯಲ್ಲಿ ಮರೆತು, ಮತ್ತೆ ಹತ್ತಿ ಹೋಗಿ ತಂದಿದ್ದ ಅದೇ ಟೋಪಿ.

“ಇದನ್ನ ನಾನು ಮರ್ತಿರಲಿಲ್ಲ ಮೇಡಂ,” ಎಂದರು. “ಬೇಕಂತ ಬುಟ್ಟು ಬಂದಿದ್ದೆ. ಮೇಲಕ್ಕೆ ಓಗಿ ಆ ಮಗಿಗೆ, ಫೋನು ಇಲ್ಲೇ ಇಟ್ಟು ಸಿಕ್ಕಿದ ಬಸ್ಸು ಅತ್ಕಂಡು ಓಗು, ಎಲ್ಲಿಗೆ ಓಯ್ತೀನಿ ಅಂತ ನಂಗೂ ಯೋಳ್ಬ್ಯಾಡ ಅಂದೆ.”